ಪರಿಚಯದಲ್ಲಿ ಯಾವುದಿರಬೇಕು?

ಬ್ಯಾಂಕ್ ಮುಖ್ಯಸ್ಥರೊಬ್ಬರ ಜೀವನ ಪರಿಚಯ ಬರೆಯಲು ಕುಳಿತಿದ್ದೀರಿ ಎನ್ನೋಣ. ಮನೆಯ ಸಂಗತಿಗಳಲ್ಲಿ ಯಾವುದನ್ನು ಬರೆಯುವಿರಿ, ಯಾವುದನ್ನು ಬಿಡುವಿರಿ? ವಿಜ್ಞಾನ ಓದಿದ ನಾನು ಕೇಳಿಕೊಳ್ಳುವುದು ಇಷ್ಟೇ: ಈ ವಿವರ ತೆಗೆದರೆ ಅವರ ಕೆಲಸ ಅರ್ಥವಾಗದೆ ಹೋಗುತ್ತದೆಯೇ?

ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1925ರಲ್ಲಿ ಉಡುಪಿಯಲ್ಲಿ ಹುಟ್ಟಿತು. ಸ್ಥಾಪಕರಲ್ಲೊಬ್ಬರಾದ ಡಾ. ಟಿ.ಎಂ.ಎ. ಪೈ ವೈದ್ಯರು. ಇದನ್ನು ಬಿಡುವಂತಿಲ್ಲ. ಬಡವರ ಮನೆಯ ಸ್ಥಿತಿ ವೈದ್ಯನಿಗೆ ತಿಳಿದಷ್ಟು ಯಾರಿಗೆ ತಿಳಿದೀತು? 1928ರಲ್ಲಿ ಬಂದ ಪಿಗ್ಮಿ ಠೇವಣಿಯಲ್ಲಿ ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಪುಟ್ಟ ಉಳಿತಾಯವನ್ನೂ ಸಂಗ್ರಹಿಸುತ್ತಿದ್ದರು. ಇನ್ನೊಬ್ಬ ಸ್ಥಾಪಕರಾದ ಉಪೇಂದ್ರ ಪೈ ಅವರ ಅಣ್ಣ. ಇದನ್ನೂ ಬರೆಯಿರಿ, ಹಣ ಇಟ್ಟವರು ತಿಳಿದಿರಬೇಕಾದ ನಂಟು ಅದು.

ಊಟ, ಉಡುಪು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಒಮ್ಮೆ ಬ್ಯಾಂಕ್ ಅಧಿಕಾರಿಯೊಬ್ಬರ ಪರಿಚಯದಲ್ಲಿ ಮಗಳು ಓದುವ ಕಾಲೇಜಿನ ಹೆಸರನ್ನೂ ಸೇರಿಸಿದ್ದೆ. ಪ್ರಸಾರವಾದ ವಾರದಲ್ಲೇ, ಸಾಲ ಸಿಗದವನೊಬ್ಬ ಆ ಕಾಲೇಜಿನ ಗೇಟಿನ ಮುಂದೆ ಬಂದು ನಿಂತ. ಏನೂ ಮಾಡಲಿಲ್ಲ, ನಿಂತ ಅಷ್ಟೆ. ಹುಡುಗಿ ಹದಿನೈದು ದಿನ ತರಗತಿಗೆ ಹೋಗಲಿಲ್ಲ. ಆ ಸಾಲನ್ನು ನಾನು ಬರೆದದ್ದೇಕೆ ಗೊತ್ತೇ? ಹಾಳೆಯಲ್ಲಿ ಜಾಗ ಉಳಿದಿತ್ತು.