ಕೈಸಾಲದ ಋಣ



ಉತ್ಸವದ ಈ ವೇಳೆಯಲ್ಲಿ ಕಿವಿಗೆ ಕಹಿಯೆನಿಸಬಹುದಾದ ಒಂದು ಮಾತನ್ನು ತಮ್ಮ ಮುಂದಿಡುತ್ತೇನೆ. ಬ್ಯಾಂಕಿನ ಸಾಲವನ್ನು ಹೇಗಾದರೂ ತೀರಿಸುವ ನಾವು, ನೆರೆಯವರು ನಂಬಿಕೆಯ ಮೇಲೆ ಕೊಟ್ಟ ಕೈಸಾಲವನ್ನು ಏಕೆ ಮರೆಯುತ್ತೇವೆ? ಬ್ಯಾಂಕು ನೋಟೀಸು ಕಳುಹಿಸುತ್ತದೆ. ನೆರೆಯವರು ಕೇಳಲು ಸಂಕೋಚಪಡುತ್ತಾರೆ. ಅವರ ಸಂಕೋಚ ನಮಗೆ ಲಾಭವಾಗಬೇಕೆ?

“ಮೂರು ವರ್ಷ ಕಳೆಯಿತು, ವಾಯಿದೆ ಮುಗಿಯಿತು” ಎನ್ನುವವರುಂಟು. 1963ರ ಕಾಲಮಿತಿ ಕಾಯಿದೆಯು ಸಾಮಾನ್ಯವಾಗಿ ಮೂರು ವರ್ಷಗಳ ನಂತರ ಇಂತಹ ಸಾಲಕ್ಕೆ ನ್ಯಾಯಾಲಯದ ಬಾಗಿಲನ್ನು ಮುಚ್ಚುತ್ತದೆ, ನಿಜ. ಆದರೆ 1872ರ ಕರಾರು ಕಾಯಿದೆಯ 25ನೆಯ ಕಲಮಿನಂತೆ, ವಾಯಿದೆ ಮೀರಿದ ಸಾಲವನ್ನು ತೀರಿಸುವೆನೆಂದು ಬರೆದು ಸಹಿ ಮಾಡಿದರೆ ಆ ಮಾತು ಊರ್ಜಿತವಾಗುತ್ತದೆ. ಋಣವೇ ಅಳಿದಿದ್ದರೆ ಇದು ಸಾಧ್ಯವಿತ್ತೇ?

ಸಂತ ಲೂಕರ ಶುಭಸಂದೇಶದ ಜಕ್ಕಾಯನನ್ನು ನೆನೆಯಿರಿ. ಬಡವರಿಗೆ ಅರ್ಧ ಆಸ್ತಿಯನ್ನು ಕೊಡುವೆನೆಂದ ಆತನು ಅಷ್ಟಕ್ಕೇ ನಿಲ್ಲಲಿಲ್ಲ; ಮೋಸದಿಂದ ಪಡೆದುದನ್ನು ನಾಲ್ಕರಷ್ಟು ಹಿಂದಿರುಗಿಸಲು ಒಪ್ಪಿದನು. ದಾನವು ಋಣಕ್ಕೆ ಬದಲಲ್ಲ. ನೆರೆಯವನ ಹಣವನ್ನು ಉಳಿಸಿಕೊಂಡು ಕಾಣಿಕೆ ಪೆಟ್ಟಿಗೆಗೆ ಹಾಕಿದರೆ ಅದು ನಮ್ಮ ಕಾಣಿಕೆಯಲ್ಲ, ಅವನದು.

ತೀರಿಸಲಾಗದ ಬಡತನವು ಪಾಪವಲ್ಲ. ಕೊಟ್ಟವರನ್ನು ಕಂಡು ಮುಖ ತಪ್ಪಿಸುವುದು ತಪ್ಪು. ಹೋಗಿ ಕಷ್ಟವನ್ನು ಹೇಳಿಕೊಳ್ಳಿರಿ, ಕೈಲಾದಷ್ಟು ಕೊಡಿರಿ. ಅವರು ಗತಿಸಿದ್ದರೆ ವಾರಸುದಾರರಿಗೆ ಸಲ್ಲಿಸಿರಿ. ಅವರೂ ಸಿಗದಿದ್ದರೆ ಬಡವರಿಗೆ ಕೊಡಿರಿ. ಕೊಟ್ಟವರೇ, ನಿಜವಾಗಿಯೂ ಇಲ್ಲದವನನ್ನು ನೀವೂ ಹಿಂಡದಿರಿ.

ಇಂದು ಮನೆಗೆ ಮರಳುವ ದಾರಿಯಲ್ಲಿ ನಾವು ತಟ್ಟಬೇಕಾದ ಬಾಗಿಲೊಂದು ಇದೆಯೇ? ದೇವರು ನಮಗೆ ಆ ಧೈರ್ಯವನ್ನು ಕೊಡಲಿ.