ಬೆಳಕಿನ ಲೆಕ್ಕ ಯಾವ ಸೇರಿನಿಂದ?

(ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಸಂತೆಯಲ್ಲಿ ಕೂತು ವ್ಯಾಪಾರ ಮಾಡುವವರಿಗೆ ಸೇರಿನ ಸಂಗತಿಯನ್ನು ನಾವು ಹೇಳಿಕೊಡಬೇಕಾಗಿಲ್ಲ. ತೊಗರಿಯ ರಾಶಿ ಒಂದೇ ಇದ್ದರೂ ಸೇರು ಬೇರೆಯಾದರೆ ಲೆಕ್ಕ ಬೇರೆಯಾಗುತ್ತದೆ. ಆದ್ದರಿಂದ ಕೊಳ್ಳುವವನು ಮೊದಲು ರಾಶಿಯನ್ನಲ್ಲ, ಸೇರನ್ನು ತಿರುವಿ ನೋಡುತ್ತಾನೆ. ಇಂದು ಜಗತ್ತಿನ ರಾಷ್ಟ್ರಗಳೆಲ್ಲ ಕೂಡಿ ಮನೆಯ ಬೆಳಕನ್ನು, ಒಲೆಯ ಬೆಂಕಿಯನ್ನು, ಯಂತ್ರದ ಶಕ್ತಿಯನ್ನು ಅಳೆಯುತ್ತಿವೆ. ಆ ಸೇರನ್ನು ನಾವೂ ಒಮ್ಮೆ ತಿರುವಿ ನೋಡೋಣ.

2015ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ 17 ಗುರಿಗಳನ್ನು ಒಪ್ಪಲಾಯಿತು. ಅವುಗಳಲ್ಲಿ ಏಳನೆಯದು, 2030ರೊಳಗೆ ಪ್ರತಿಯೊಬ್ಬರಿಗೂ ಕೈಗೆಟಕುವ ಬೆಲೆಯ, ನಂಬಬಹುದಾದ, ಮುಂದಿನವರಿಗೂ ಉಳಿಯುವಂಥ ಶಕ್ತಿ ದೊರೆಯಬೇಕೆಂಬುದು. ವಿಶ್ವಬ್ಯಾಂಕು, ವಿಶ್ವ ಆರೋಗ್ಯ ಸಂಸ್ಥೆ ಸೇರಿದಂತೆ ಐದು ಸಂಸ್ಥೆಗಳು ಕೂಡಿ ಈ ಗುರಿಯತ್ತ ಎಷ್ಟು ನಡೆದೆವೆಂದು ವರದಿ ಕೊಡುತ್ತವೆ. 2025ರ ವರದಿಯಂತೆ 2023ರಲ್ಲಿ ಜಗತ್ತಿನ ನೂರು ಜನರಲ್ಲಿ 92 ಜನರಿಗೆ ವಿದ್ಯುತ್ತು ಇತ್ತು. ಇಲ್ಲದವರು 66 ಕೋಟಿ 60 ಲಕ್ಷ. ಕಟ್ಟಿಗೆ, ಕುಳ್ಳು, ಇದ್ದಿಲು, ಸೀಮೆಎಣ್ಣೆಗಳ ಹೊಗೆಯಲ್ಲಿಯೇ ಅಡಿಗೆ ಮಾಡುತ್ತಿದ್ದವರು ಸುಮಾರು 210 ಕೋಟಿ.

ಈಗ ಮೊದಲನೆಯ ಸೇರು. ವಿದ್ಯುತ್ತು 'ಇದೆ' ಎಂದರೇನು? ನಮ್ಮ ದೇಶದ ಕಥೆಯನ್ನೇ ಕೇಳಿರಿ. 1997ರವರೆಗೆ ಇದ್ದ ನಿಯಮ ಹೀಗಿತ್ತು: ಹಳ್ಳಿಯ ಸರಹದ್ದಿನೊಳಗೆ ಯಾವುದಾದರೊಂದು ಕೆಲಸಕ್ಕೆ ಕರೆಂಟು ಬಳಸಿದರೆ ಇಡೀ ಹಳ್ಳಿಗೆ ವಿದ್ಯುತ್ತು ಬಂದಂತೆ. ಊರ ಹೊರಗೆ ಒಬ್ಬ ಗೌಡರ ಪಂಪು ತಿರುಗಿದರೂ ಊರೊಳಗೆ ಕಂದೀಲು ಹಿಡಿದವರೆಲ್ಲ ಬೆಳಕಿನವರಾದರು! 2004ರಲ್ಲಿ ಈ ನಿಯಮವನ್ನು ಬಿಗಿಮಾಡಿ, ಶಾಲೆ, ಪಂಚಾಯಿತಿ ಮುಂತಾದ ಸಾರ್ವಜನಿಕ ಸ್ಥಳಗಳಿಗೆ ವಿದ್ಯುತ್ತು ಇರಬೇಕು, ಮನೆಗಳಲ್ಲಿ ಶೇ. 10ಕ್ಕಾದರೂ ಇರಬೇಕು ಎಂದರು. 200 ಮನೆಯ ಊರಿನಲ್ಲಿ 20 ಮನೆಗೆ ತಂತಿ ಬಂದರೆ ಸಾಕು, 180 ಮನೆಗಳ ಕತ್ತಲೆ ಲೆಕ್ಕಕ್ಕಿಲ್ಲ. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಎಂಬ ಹಳ್ಳಿಯೊಂದಿಗೆ ದೇಶದ ಹಳ್ಳಿಗಳೆಲ್ಲ ಮುಗಿದವೆಂದು ಸಾರಿದ್ದು ಈ ಸೇರಿನಿಂದಲೇ. ಮನೆಮನೆಯ ಲೆಕ್ಕ ಹಿಡಿದ ಸೌಭಾಗ್ಯ ಯೋಜನೆ ಅದಕ್ಕೆ ಏಳು ತಿಂಗಳು ಮೊದಲಷ್ಟೇ, 2017ರ ಸೆಪ್ಟೆಂಬರಿನಲ್ಲಿ, ಆರಂಭವಾಗಿತ್ತು. ಅದರಿಂದ ಎರಡೂವರೆ ಕೋಟಿಗೂ ಮೇಲ್ಪಟ್ಟು ಮನೆಗಳಿಗೆ ತಂತಿ ಬಂತು. ಒಳ್ಳೆಯ ಕೆಲಸ, ಅದನ್ನು ಅಲ್ಲಗಳೆಯುವವರು ನಾವಲ್ಲ.

ಆದರೆ ತಂತಿ ಬಂದದ್ದು ಬೇರೆ, ಕರೆಂಟು ಬಂದದ್ದು ಬೇರೆ. ಬೇಳೆ ಗಿರಣಿಯಲ್ಲಿ ದುಡಿಯುವವರನ್ನು ಕೇಳಿರಿ, ಹಿಟ್ಟಿನ ಗಿರಣಿಯ ಮುಂದೆ ಜೋಳದ ಡಬ್ಬಿ ಇಟ್ಟು ಕಾಯುವ ಅಕ್ಕಂದಿರನ್ನು ಕೇಳಿರಿ. ಜಾಗತಿಕ ಲೆಕ್ಕದ ಮುಖ್ಯ ಅಂಕಿ ಮಾತ್ರ 'ಉಂಟು' ಅಥವಾ 'ಇಲ್ಲ' ಎಂಬೆರಡೇ ಮಾತು ಬಲ್ಲದು. ಇದರ ಕೊರತೆಯನ್ನು ಬಲ್ಲವರು ವಿಶ್ವಬ್ಯಾಂಕಿನಲ್ಲಿಯೇ ಇದ್ದರು. 2015ರಲ್ಲಿ ಅವರು ಸೊನ್ನೆಯಿಂದ ಐದರವರೆಗೆ ಮೆಟ್ಟಿಲುಗಳ ಬೇರೊಂದು ಅಳತೆ ಮಾಡಿಕೊಟ್ಟರು. ದಿನಕ್ಕೆ ನಾಲ್ಕು ತಾಸು, ಅದರಲ್ಲಿ ಸಂಜೆ ಒಂದು ತಾಸು ವಿದ್ಯುತ್ತು ಇದ್ದರೆ ಮೊದಲ ಮೆಟ್ಟಿಲು. ದಿನಕ್ಕೆ 23 ತಾಸು, ಸಂಜೆ ನಾಲ್ಕು ತಾಸು ಇದ್ದರೆ ಐದನೆಯದು. ತಾಸಷ್ಟೇ ಅಲ್ಲ: ಎಷ್ಟು ಸಲ ಹೋಗುತ್ತದೆ, ವೋಲ್ಟೇಜು ಇಳಿದು ಮೋಟಾರು ಸುಡುತ್ತದೆಯೇ, ಬಿಲ್ಲು ಕಟ್ಟಲು ಆಗುತ್ತದೆಯೇ, ಇವೂ ಅದರಲ್ಲಿ ಸೇರಿವೆ. ಈ ಸೇರಿನಿಂದ ಅಳೆದರೆ ಒಂದೇ ಕಂಬದ ಕೆಳಗಿನ ಎರಡು ಮನೆಗಳು ಎರಡು ಮೆಟ್ಟಿಲಲ್ಲಿ ನಿಲ್ಲಬಹುದು. 2015 ಮತ್ತು 2018ರಲ್ಲಿ ಇಂಥ ಅಳತೆಯಿಂದ ಆರು ರಾಜ್ಯಗಳ ಹಳ್ಳಿಗಳನ್ನು ನೋಡಿದರು. ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ.

ಇನ್ನು ಒಲೆಗೆ ಬರೋಣ. ಇಲ್ಲಿರುವುದು ಬಲು ವಿಚಿತ್ರ. ಉಜ್ವಲಾ ಯೋಜನೆ 2016ರ ಮೇ ತಿಂಗಳಲ್ಲಿ ಶುರುವಾಯಿತು; ಹತ್ತು ಕೋಟಿಗೂ ಹೆಚ್ಚು ಮನೆಗಳಿಗೆ ಸಿಲಿಂಡರು ಹೋಯಿತು. ಆದರೆ ಆ ಮನೆಗಳು ತುಂಬಿಸಿಕೊಂಡದ್ದು 2019-20ರಲ್ಲಿ ವರ್ಷಕ್ಕೆ ಸರಾಸರಿ ಮೂರು ಸಿಲಿಂಡರು, 2023-24ರಲ್ಲಿ ನಾಲ್ಕರ ಹತ್ತಿರ. ಮೂರು ಹೊತ್ತು ರೊಟ್ಟಿ ಬಡಿಯುವ ಮನೆಗೆ ಒಂದು ಸಿಲಿಂಡರು ಮೂರು ತಿಂಗಳು ಬರುತ್ತದೆಯೇ? ಬಾರದು. ಉಳಿದ ದಿನ ಉರಿಯುವುದು ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು. ಹೊಲದಲ್ಲಿ ಪುಕ್ಕಟೆ ಸಿಗುವಾಗ ರೊಕ್ಕ ಕೊಟ್ಟು ಗ್ಯಾಸು ಉರಿಸುವುದು ಕೂಲಿಯವರಿಗೆ ಸುಲಭವಲ್ಲ.

ವರದಿಯ ಒಂದು ಕಲಮಿನಲ್ಲಿ ಈ ಕಟ್ಟಿಗೆಯ ಒಲೆ ಹಿಂದುಳಿದಿರುವಿಕೆಯ ಗುರುತು. ಸರಿಯೇ, ಒಲೆಯ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಆದರೆ ಇನ್ನೊಂದು ಕಲಮಿದೆ: ಒಟ್ಟು ಬಳಕೆಯಲ್ಲಿ ಮತ್ತೆ ಮತ್ತೆ ಹುಟ್ಟುವ ಶಕ್ತಿಯ ಪಾಲೆಷ್ಟು? 2022ರಲ್ಲಿ ಸುಮಾರು ಶೇ. 18. ಈ ಹದಿನೆಂಟರಲ್ಲಿ ಬಿಸಿಲು, ಗಾಳಿ, ನೀರುಗಳ ಜೊತೆಗೆ ಅದೇ ಕಟ್ಟಿಗೆ, ಅದೇ ಕುಳ್ಳೂ ಕೂತಿವೆ! ಅವನ್ನು ತೆಗೆದುಹಾಕಿದರೆ ಉಳಿಯುವುದು ಶೇ. 13ರ ಸುಮಾರು. ಅಂದರೆ ಜೇವರ್ಗಿಯ ತಾಯಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತ ಊದುವ ಒಲೆ ಒಂದು ಪುಟದಲ್ಲಿ ರೋಗ, ಇನ್ನೊಂದು ಪುಟದಲ್ಲಿ ಪ್ರಗತಿ. ಆಕೆಗೆ ಗ್ಯಾಸು ಸಿಕ್ಕಿದರೆ ಆ ಎರಡನೆಯ ಅಂಕಿ ಇಳಿಯುತ್ತದೆ. ವರದಿ ಬರೆಯುವವರು ಎರಡನ್ನೂ ಬಿಡಿಸಿಯೇ ತೋರಿಸುತ್ತಾರೆ. ವೇದಿಕೆಯ ಮೇಲೆ ಓದುವವರು ದೊಡ್ಡದನ್ನಷ್ಟೇ ಓದುತ್ತಾರೆ.

ಆಳಂದ, ಅಫಜಲಪುರ ತಾಲೂಕುಗಳ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಸುಟ್ಟು ವಿದ್ಯುತ್ತು ಮಾಡುತ್ತಾರಲ್ಲ, ಅದು ನಿಜವಾಗಿ ಆ ಹದಿಮೂರರ ಜಾತಿಗೆ ಸೇರಿದ್ದು. ಕಬ್ಬು ಬೆಳೆದವನದು, ಕಡಿದವನದು ಅದರಲ್ಲಿ ಪಾಲಿದೆ ಎಂಬುದನ್ನು ಯಾವ ಕಲಮೂ ಕೇಳುವುದಿಲ್ಲ.

2025ರ ಜೂನಿನಲ್ಲಿ ದೇಶದ ವಿದ್ಯುತ್ ಸ್ಥಾವರಗಳ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು, ಎಣ್ಣೆ, ಅನಿಲಗಳಿಂದ ಹೊರತಾದದ್ದೆಂದು ಪತ್ರಿಕೆಗಳು ಬರೆದವು. ಗಿರಣಿಯವರಿಗೆ ಇದು ಬೇಗ ತಿಳಿಯುತ್ತದೆ. ಎಷ್ಟು ಮಗ್ಗಗಳಿವೆ ಎಂಬುದು ಒಂದು ಮಾತು, ಎಷ್ಟು ಗಜ ಬಟ್ಟೆ ಇಳಿಯಿತು ಎಂಬುದು ಮತ್ತೊಂದು. ಆ ವರ್ಷವೂ ನಿಜವಾಗಿ ಹುಟ್ಟಿದ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಕಲ್ಲಿದ್ದಲಿನದೇ.

ಮೂರನೆಯ ಅಂಕಿ, ಒಂದು ರೂಪಾಯಿಯ ಉತ್ಪತ್ತಿಗೆ ಎಷ್ಟು ಶಕ್ತಿ ಖರ್ಚಾಯಿತು ಎಂಬುದು. ಇದು ಇಳಿದಷ್ಟೂ ಒಳ್ಳೆಯದಂತೆ. ಹೊಸ ಯಂತ್ರ ತಂದರೂ ಇಳಿಯುತ್ತದೆ. ನೂಲಿನ ಗಿರಣಿ ಮುಚ್ಚಿ ಕಚೇರಿಗಳು ಹೆಚ್ಚಿದರೂ ಇಳಿಯುತ್ತದೆ. ಕಲಬುರಗಿಯ ಎಂ.ಎಸ್.ಕೆ. ಗಿರಣಿಯ ಭೋಂಗಾ ನಿಂತು ದಶಕಗಳಾದವು. ಅದರ ಬಾಯ್ಲರು ಆರಿದ್ದನ್ನೂ ಈ ಸೇರು ಲಾಭದ ಕಡೆಗೇ ಹಾಕುತ್ತದೆ.

ಹಾಗಾದರೆ ಅಳತೆಯೇ ಬೇಡವೇ? ಬೇಕು. ಸೇರು ತಪ್ಪಿದ್ದರೆ ತಿದ್ದಿಸಬಹುದು. 2023ರಲ್ಲಿ ಗೃಹಜ್ಯೋತಿ ಬಂದಾಗ ಹಿಂದಿನ ವರ್ಷದ ಸರಾಸರಿಯ ಮೇಲೆ ಶೇ. 10 ಸೇರಿಸಿ ಉಚಿತ ಯೂನಿಟ್ಟು ನಿಗದಿ ಮಾಡಿದರು. 20 ಯೂನಿಟ್ಟು ಸುಡುತ್ತಿದ್ದ ಬಡವನಿಗೆ ಹೆಚ್ಚಿಗೆ ಸಿಕ್ಕದ್ದು ಎರಡು. 150 ಸುಡುತ್ತಿದ್ದವನಿಗೆ ಹದಿನೈದು. 2024ರ ಜನವರಿಯಲ್ಲಿ ಇದನ್ನು ತಿದ್ದಿ, 48 ಯೂನಿಟ್ಟಿನೊಳಗಿನವರಿಗೆ ಹತ್ತು ಯೂನಿಟ್ಟು ಸೇರಿಸಿಕೊಟ್ಟರು.

ಕಂಪನಿಗಳು ಇಡುವ ಲೆಕ್ಕ ಹೆಚ್ಚಾಗಿ ಫೀಡರಿನದು. ಓಣಿಯ ಟಿ.ಸಿ. ಸುಟ್ಟು ನಾಲ್ಕು ದಿನ ಕತ್ತಲಾದರೂ ಫೀಡರು ಜೀವಂತವಾಗಿಯೇ ಇರುತ್ತದೆ. ಆದ್ದರಿಂದ ನಾವು ಕೇಳಿಕೊಳ್ಳುವುದಿಷ್ಟು. ಯುಗಾದಿಯಿಂದ ಒಂದು ತಿಂಗಳು, ಓಣಿಗೊಂದು ವಹಿ ಇಡೋಣ. ಕರೆಂಟು ಹೋದ ಹೊತ್ತು, ಬಂದ ಹೊತ್ತು, ಮೂರು ಫೇಸು ಎಷ್ಟು ತಾಸು ಇತ್ತು, ಮನೆಗೆ ಸಿಲಿಂಡರು ಯಾವ ತಾರೀಖಿಗೆ ಬಂತು, ಯಾವ ದಿನ ಮತ್ತೆ ಕಟ್ಟಿಗೆ ಹಚ್ಚಿದರು. ಅಂಗಡಿಕಾರರು ಗಡಿಯಾರ ನೋಡಿ ಬರೆಯಲಿ. ಒಲೆಯ ಮಾತನ್ನು ತಾಯಂದಿರಿಂದಲೇ ಕೇಳಿ ಬರೆಯಲಿ, ಗಂಡಸರ ಅಂದಾಜು ಬೇಡ. ಮೂರೂ ತಾಲೂಕಿನ ವಹಿಗಳನ್ನು ತಿಂಗಳ ಕೊನೆಗೆ ಒಟ್ಟು ಮಾಡಿ, ಗ್ರಾಮಸಭೆಯಲ್ಲಿ ಓದಿ ಠರಾವು ಬರೆಯಿಸಿ, ಪ್ರತಿಯನ್ನು ವಿದ್ಯುತ್ ಕಚೇರಿಗೆ ಕೊಟ್ಟು ಮುಟ್ಟಿದ್ದಕ್ಕೆ ಸಹಿ ಪಡೆಯೋಣ. ವಹಿ ಬರೆಯಲು ಒಪ್ಪುವವರು ಸಭೆ ಮುಗಿದ ಮೇಲೆ ಇಲ್ಲಿಯೇ ಹೆಸರು, ಓಣಿ ಹೇಳಬೇಕು.