ನಂಬಿಕೆ ಇರಲಿ, ಲೆಕ್ಕವೂ ಇರಲಿ

(ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳು ಮತ್ತು ಸದಸ್ಯೆಯರ ತರಬೇತಿಯಲ್ಲಿ ನೀಡಿದ ಭಾಷಣ)

ಪ್ರೀತಿಯ ಸಹೋದರಿಯರೇ,

ಕೂಲಿ, ಮನೆಗೆಲಸ ಬಿಟ್ಟು ಬಂದಿದ್ದೀರಿ, ಸಂತೋಷ. ಇವತ್ತು ಸ್ವಲ್ಪ ಕಹಿಯಾದ ವಿಷಯ ಮಾತಾಡಬೇಕಾಗಿದೆ.

ನಮ್ಮದೇ ಒಂದು ಸಂಘದಲ್ಲಿ ನಡೆದದ್ದು. ಊರು, ಹೆಸರು ಬೇಡ. ಹದಿನೈದು ಸದಸ್ಯೆಯರು, ವಾರಕ್ಕೆ ತಲಾ 100 ರೂಪಾಯಿ ಉಳಿತಾಯ. ಹಣ ಕಟ್ಟಲು ಬ್ಯಾಂಕಿಗೆ ಹೋಗುವುದು ಯಾವಾಗಲೂ ಒಂದನೇ ಪ್ರತಿನಿಧಿಯೇ. "ಅಕ್ಕ ಹೋಗ್ತಾಳಲ್ಲ, ಇನ್ನೊಬ್ಬರ ಬಸ್ ಚಾರ್ಜು ಯಾಕೆ ದಂಡ" ಅಂತ ಉಳಿದವರು ಸುಮ್ಮನಿದ್ದರು. 28 ವಾರ ಹೀಗೇ ನಡೆಯಿತು. ಒಬ್ಬ ತಾಯಿಗೆ ಮಗಳ ನರ್ಸಿಂಗ್ ಫೀಸಿಗೆ ಸಾಲ ಬೇಕಾದಾಗ ಪಾಸ್ ಬುಕ್ ಎಂಟ್ರಿ ಮಾಡಿಸಿ ನೋಡಿದರೆ, ಅಷ್ಟೂ ವಾರದ ಹಣ ಕಟ್ಟಿಯೇ ಇಲ್ಲ. 42,000 ರೂಪಾಯಿ!

ಆ ಅಕ್ಕ ಕಳ್ಳಿಯೇ? ಅಲ್ಲ. ಗಂಡ ಆಸ್ಪತ್ರೆ ಸೇರಿದಾಗ ಒಂದು ವಾರದ ಹಣ ಮುಟ್ಟಿದಳು. "ಮುಂದಿನ ವಾರ ಸೇರಿಸ್ತೀನಿ" ಅಂದುಕೊಂಡಳು. ಆ ಮುಂದಿನ ವಾರ ಬರಲೇ ಇಲ್ಲ. ಕೊನೆಗೆ ಸಂಘ ಒಡೆಯಿತು. ಆ ಹುಡುಗಿಯ ಓದು ಒಂದು ವರ್ಷ ಹಿಂದೆ ಬಿತ್ತು.

ತಪ್ಪು ನಮ್ಮದೂ ಇದೆ. ಭೇಟಿಗೆ ಹೋದಾಗ ನಡಾವಳಿ ಪುಸ್ತಕ ನೋಡಿ ಸಹಿ ಹಾಕಿ ಬಂದೆವು, ಪಾಸ್ ಬುಕ್ ಕೇಳಲಿಲ್ಲ. ಕೇಳಿದರೆ ಅವಳಿಗೆ ಬೇಜಾರಾದೀತು ಅಂದುಕೊಂಡೆವು. ಮೊದಲ ತಿಂಗಳಲ್ಲೇ ಕೇಳಿದ್ದರೆ 6,000 ರೂಪಾಯಿಗೇ ನಿಲ್ಲುತ್ತಿತ್ತು. ಆ ಅಕ್ಕನ ಮಾನವೂ ಉಳಿಯುತ್ತಿತ್ತು.

ಇಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ಆದರೂ ಒಂದು ಮಾತು ಹೇಳುತ್ತೇವೆ. ಯೇಸುಸ್ವಾಮಿಯ ಶಿಷ್ಯರ ಹಣದ ಚೀಲ ಯೂದನ ಕೈಯಲ್ಲಿತ್ತು, ಅವನು ಅದರಿಂದ ಕದಿಯುತ್ತಿದ್ದ ಎಂದು ಸಂತ ಯೊವಾನ್ನರ ಶುಭಸಂದೇಶ ತಿಳಿಸುತ್ತದೆ. ಅಂಥ ಗುಂಪಿನಲ್ಲೇ ಹೀಗಾದರೆ ನಮ್ಮ ಸಂಘ ಯಾವ ಲೆಕ್ಕ? ಲೆಕ್ಕ ಕೇಳುವುದು ಅನುಮಾನವಲ್ಲ. ಹಣ ಹಿಡಿದವಳನ್ನು ಆಸೆಯಿಂದಲೂ ಅಪವಾದದಿಂದಲೂ ಕಾಪಾಡುವ ಪ್ರೀತಿ ಅದು. ಸಂಘದ ಪಂಚಸೂತ್ರದಲ್ಲಿ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿಯ ಜೊತೆಗೆ ಪುಸ್ತಕ ನಿರ್ವಹಣೆಯನ್ನೂ ಸೇರಿಸಿರುವುದು ಇದಕ್ಕೇ.

ಒಳಗಿನವರ ಕಥೆಯೇ ಹೀಗಾದರೆ ಹೊರಗಿನವರದು ಕೇಳಬೇಕೇ? 2019ರ ಜೂನ್‌ನಲ್ಲಿ ಬೆಂಗಳೂರಿನ ಐ.ಎಂ.ಎ. ಕಂಪನಿ ಬಾಗಿಲು ಹಾಕಿತು. ಪ್ರತಿ ತಿಂಗಳೂ ಲಾಭ ಬರುತ್ತದೆಂದು ನಂಬಿ, ಒಡವೆ ಮಾರಿ ಹಣ ಹಾಕಿದ್ದ ಸಾವಿರಾರು ಜನ ಬೀದಿಯಲ್ಲಿ ನಿಂತು ಅತ್ತರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ! ಬ್ಯಾಂಕ್ ಮುಳುಗಿದರೆ ಒಬ್ಬರ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಪಕ್ಕದ ಬೀದಿಯ ಚೀಟಿಗೆ ಅದು ಇಲ್ಲ.

ಆದ್ದರಿಂದ ಇವಿಷ್ಟನ್ನು ನೆನಪಿಡಿ:

1. ಬ್ಯಾಂಕಿಗೆ ಇಬ್ಬರು ಹೋಗಿ. ಎರಡನೆಯವರು ಪ್ರತಿ ಸಲ ಬದಲಾಗಲಿ. ಚಲನ್ ಮುಂದಿನ ಸಭೆಗೆ ಬರಲಿ.

2. ತಿಂಗಳಿಗೊಮ್ಮೆ ಪಾಸ್ ಬುಕ್ ಎಂಟ್ರಿ ಮಾಡಿಸಿ, ಸಭೆಯಲ್ಲಿ ಗಟ್ಟಿಯಾಗಿ ಓದಿ. ಓದು ಬಾರದ ಅಮ್ಮಂದಿರಿಗೂ ಕೇಳಿಸಲಿ.

3. ಖಾಲಿ ಚೆಕ್, ಖಾಲಿ ವಿತ್‌ಡ್ರಾ ಫಾರಂಗೆ ಸಹಿ, ಹೆಬ್ಬೆಟ್ಟು ಬೇಡವೇ ಬೇಡ.

4. "ನಿನ್ನ ಹೆಸರಲ್ಲಿ ಸಾಲ ತೆಗೆದುಕೊಡು, ಕಂತು ನಾನು ಕಟ್ಟುತ್ತೇನೆ" ಅಂದರೆ, ತಂಗಿಯಾದರೂ ಇಲ್ಲ ಅನ್ನಿ. ಬಾಕಿ ಆದಾಗ ನಿಮ್ಮ ಬಾಗಿಲಿಗೇ ಬರುತ್ತಾರೆ.

5. ಚೀಟಿ ಹಾಕುವ ಮುಂಚೆ ನೋಂದಣಿ ಇದೆಯೇ ಕೇಳಿ. ರಸೀದಿ ಇಲ್ಲದೆ ಹಣ ಕೊಡಬೇಡಿ.

6. ಓಟಿಪಿ, ಎಟಿಎಂ ಪಿನ್ ಯಾರಿಗೂ ಹೇಳಬೇಡಿ. ಫೋನಿನಲ್ಲಿ ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸಹೋದರಿಯರೇ, ಈ ವಾರದ ಸಭೆಯಲ್ಲೇ ಪಾಸ್ ಬುಕ್ ಕೇಳಿ. ಪ್ರತಿನಿಧಿ ಅಕ್ಕಂದಿರೇ, ಅವರು ಕೇಳುವ ಮುಂಚೆ ನೀವೇ ತೋರಿಸಿ. ಇನ್ನು ಮುಂದೆ ಭೇಟಿಗೆ ಬಂದಾಗ ನಾವೂ ಮೊದಲು ಅದನ್ನೇ ಕೇಳುತ್ತೇವೆ. ಬೇಜಾರು ಮಾಡ್ಕೋಬೇಡಿ.

ದೇವರು ನಿಮ್ಮನ್ನೂ ನಿಮ್ಮ ಸಂಘಗಳನ್ನೂ ಆಶೀರ್ವದಿಸಲಿ.